ಪೊರೆ ಆಪರೇಷನ್‌ಗೆ ಮುಂಚೆ ಕಣ್ಣಿನ ಆಕ್ಸಿಸ್ ಅಳೆಯುವ ಎರಡು ಮಷೀನ್‌ಗಳನ್ನು ಹೋಲಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಒಂದು ಕಣ್ಣು. ಪೊರೆ ತೆಗೆದು ಟೋರಿಕ್ ಲೆನ್ಸ್ ಹಾಕಬೇಕು, ಅಂದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಬಾಗಿಲ್ಲದ್ದನ್ನು ಸರಿದೂಗಿಸುವ ಲೆನ್ಸ್. ಮೊದಲ ಮಷೀನ್ 1.50 ಡಯಾಪ್ಟರ್ ಸಿಲಿಂಡರ್, ಸ್ಟೀಪ್ ಆಕ್ಸಿಸ್ 87 ಡಿಗ್ರಿ ಅಂತ ಚೀಟಿ ಕೊಟ್ಟಿತು. ಪಕ್ಕದ ಕೋಣೆಯ ಮಷೀನ್ 1.70 ಡಯಾಪ್ಟರ್, 94 ಡಿಗ್ರಿ ಅಂದಿತು. (ಸಿಲಿಂಡರ್ ಅಂದರೆ ಒಂದು ದಿಕ್ಕಿನ ಪವರ್ ಇನ್ನೊಂದಕ್ಕಿಂತ ಎಷ್ಟು ಜಾಸ್ತಿ ಅನ್ನುವುದು, ಅದರ ಅಳತೆ ಡಯಾಪ್ಟರ್‌ನಲ್ಲಿ. ಸ್ಟೀಪ್ ಆಕ್ಸಿಸ್ ಅಂದರೆ ಬಾಗು ಅತಿ ಜಾಸ್ತಿ ಇರುವ ದಿಕ್ಕು.) ಯಾವುದನ್ನು ನಂಬಬೇಕು?

ಹೆಚ್ಚಿನವರು ಜಾಸ್ತಿ ದುಡ್ಡು ಕೊಟ್ಟ ಮಷೀನನ್ನು ನಂಬುತ್ತಾರೆ. ಇನ್ನು ಕೆಲವರು ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ ಮುಂದೆ ಹೋಗುತ್ತಾರೆ. ಎರಡೂ ದಾರಿ ಸರಿಯಿಲ್ಲ. ಯಾಕೆಂದರೆ "ಯಾವ ಮಷೀನ್ ಸರಿ" ಅನ್ನುವ ಪ್ರಶ್ನೆಗೆ ಕಣ್ಣಿನ ಒಳಗೆ ಹೋಗಿ ನೋಡದೆ ಉತ್ತರ ಸಿಗುವುದಿಲ್ಲ. ಉತ್ತರ ಸಿಗುವ ಪ್ರಶ್ನೆ ಬೇರೆ ಇದೆ: ಈ ಎರಡು ಮಷೀನ್‌ಗಳ ನಡುವಿನ ವ್ಯತ್ಯಾಸದಿಂದ ನಾವು ಆರಿಸುವ ಲೆನ್ಸಾಗಲಿ, ಅದನ್ನು ಕೂರಿಸುವ ಕೋನವಾಗಲಿ ಬದಲಾಗುತ್ತದಾ? ಬದಲಾಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬದಲಾಗುವುದಾದರೆ ಎಷ್ಟು, ಯಾವ ಕಣ್ಣುಗಳಲ್ಲಿ, ಯಾಕೆ ಅಂತ ತಿಳಿಯಲೇಬೇಕು.

ಕ್ಲಿನಿಕ್‌ನಲ್ಲಿ ಹೊಸ ಮಷೀನ್ ಬಂದಿದೆ, ಹಳೆಯದರ ಜಾಗದಲ್ಲಿ ಇಡಬಹುದಾ ಅಂತ ಯೋಚಿಸುತ್ತಿರುವವರಿಗೆ, ಇದೇ ವಿಷಯದ ಮೇಲೆ ಥೀಸಿಸ್ ಬರೆಯುತ್ತಿರುವವರಿಗೆ ಇದನ್ನು ಬರೆದಿದ್ದೇನೆ. ಮೇಲಿನ ಕಣ್ಣನ್ನು ಮರೆಯಬೇಡಿ, ಮತ್ತೆ ಮತ್ತೆ ಅದರ ಹತ್ತಿರ ಬರುತ್ತೇವೆ.

ಹೆಜ್ಜೆ 1: "ಅಲೈನ್‌ಮೆಂಟ್" ಅಂದರೆ ಯಾವುದು ಅಂತ ಮೊದಲು ತೀರ್ಮಾನ ಮಾಡಿ

ಈ ಒಂದು ಪದದ ಅಡಿಯಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಇವುಗಳನ್ನು ಕಲಸಿಬಿಟ್ಟರೆ ಮುಂದಿನ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ಮೊದಲನೆಯದು, ಕಾರ್ನಿಯಾದ ಸ್ಟೀಪ್ ಆಕ್ಸಿಸ್ ಎಲ್ಲಿದೆ ಅನ್ನುವುದು. ಕೆರಟೋಮೀಟರ್ (ಕಾರ್ನಿಯಾದ ಬಾಗು ಅಳೆಯುವುದು), ಬಯೋಮೀಟರ್ (ಲೆನ್ಸ್ ಲೆಕ್ಕಕ್ಕೆ ಕಣ್ಣಿನ ಉದ್ದ, ಬಾಗು ಅಳೆಯುವುದು), ಟೊಪೋಗ್ರಫಿ (ಕಾರ್ನಿಯಾದ ನಕ್ಷೆ ತೆಗೆಯುವುದು) ಮಷೀನ್‌ಗಳು ಹೇಳುವುದು ಇದನ್ನು. ಎರಡನೆಯದು, ಕೂತಾಗ ಅಳೆದ ಆ ಆಕ್ಸಿಸ್ ಮಲಗಿದ ಮೇಲೆ ಎಲ್ಲಿಗೆ ಹೋಯಿತು ಅನ್ನುವುದು. ಕೂತಿದ್ದವರು ಮಲಗಿದಾಗ ಕಣ್ಣು ತನ್ನ ಸುತ್ತ ತಾನೇ ಸ್ವಲ್ಪ ಉರುಳುತ್ತದೆ, ಇದಕ್ಕೆ ಸೈಕ್ಲೋಟಾರ್ಷನ್ ಅಂತಾರೆ. ಸಾಮಾನ್ಯವಾಗಿ 2ರಿಂದ 4 ಡಿಗ್ರಿ, ಆದರೆ ಕೆಲವರಲ್ಲಿ 10 ಡಿಗ್ರಿ ದಾಟುವುದೂ ಉಂಟು. ಶಾಯಿ ಗುರುತು, ಡಿಜಿಟಲ್ ಗೈಡೆನ್ಸ್ ಎಲ್ಲ ಇರುವುದು ಇದಕ್ಕಾಗಿ. ಮೂರನೆಯದು, ರೋಗಿಯ ನೋಟದ ಗೆರೆ ಪಾಪೆಯ ನಡುವಿನಿಂದ ಎಷ್ಟು ಪಕ್ಕಕ್ಕೆ ಹಾದುಹೋಗುತ್ತದೆ ಅನ್ನುವುದು. ಆಂಗಲ್ ಕಪ್ಪಾ, ಆಂಗಲ್ ಆಲ್ಫಾ, ಕಾರ್ಡ್ ಮ್ಯೂ ಅಂತ ಕರೆಯುವುದು ಈ ಗುಂಪನ್ನು, ಮಲ್ಟಿಫೋಕಲ್ (ದೂರ, ಹತ್ತಿರ ಎರಡಕ್ಕೂ ಆಗುವ) ಲೆನ್ಸ್ ಹಾಕುವಾಗ ಇದು ಮುಖ್ಯವಾಗುತ್ತದೆ.

ಒಂದು ಹೋಲಿಕೆಯಲ್ಲಿ ಒಂದನ್ನು ಮಾತ್ರ ಹಿಡಿಯಿರಿ. ನಾನು ಮೊದಲ ಸಲ ಮಾಡಿದಾಗ ಆಪರೇಷನ್ ಆದ ತಿಂಗಳ ಮೇಲೆ ಲೆನ್ಸ್ ಎಲ್ಲಿ ನಿಂತಿದೆ ಅಂತ ನೋಡಿ ಬಯೋಮೀಟರ್‌ಗೆ ಮಾರ್ಕ್ಸ್ ಕೊಡಲು ಹೊರಟಿದ್ದೆ. ಅಳತೆಯ ತಪ್ಪು, ಗುರುತಿನ ತಪ್ಪು, ಲೆನ್ಸ್ ತಾನೇ ತಿರುಗಿದ್ದು, ಎಲ್ಲ ಒಂದೇ ಪಾತ್ರೆಯಲ್ಲಿ ಕಲಸಿಹೋಗಿದ್ದವು. ಆರು ತಿಂಗಳ ಕೆಲಸ ಹಾಳಾಯಿತು.

ಹೆಜ್ಜೆ 2: ಪ್ರತಿ ಮಷೀನ್ ನಿಜಕ್ಕೂ ಏನನ್ನು ನೋಡುತ್ತದೆ ಅಂತ ತಿಳಿಯಿರಿ

ಎಲ್ಲ ಮಷೀನ್‌ಗಳೂ ಕೊನೆಗೆ "ಕೆ1, ಕೆ2, ಆಕ್ಸಿಸ್" ಅಂತಲೇ ಬರೆದುಕೊಡುತ್ತವೆ. ಕೆ ಅಂದರೆ ಕಾರ್ನಿಯಾದ ಬಾಗು: ಕೆ1 ಕಡಿಮೆ ಬಾಗಿದ ದಿಕ್ಕಿನದು, ಕೆ2 ಜಾಸ್ತಿ ಬಾಗಿದ ದಿಕ್ಕಿನದು. ಹೆಸರು ಒಂದೇ ಆದ ಮಾತ್ರಕ್ಕೆ ಅಳತೆ ಒಂದೇ ಅಲ್ಲ.

ಬಯೋಮೀಟರ್‌ಗಳಲ್ಲಿ ಬರುವ ಕೆರಟೋಮೀಟರ್ ಕಾರ್ನಿಯಾದ ಮೇಲೆ ಬೆಳಕಿನ ಚುಕ್ಕೆಗಳನ್ನು ಬಿಟ್ಟು ಅವುಗಳ ಪ್ರತಿಬಿಂಬ ನೋಡುತ್ತದೆ. ಐಒಎಲ್‌ಮಾಸ್ಟರ್ 500ರಲ್ಲಿ ಇದ್ದದ್ದು 6 ಚುಕ್ಕೆ. ಐಒಎಲ್‌ಮಾಸ್ಟರ್ 700ರಲ್ಲಿ ಮೂರು ಸುತ್ತಿನಲ್ಲಿ 18. ಲೆನ್‌ಸ್ಟಾರ್ ಎಲ್‌ಎಸ್ 900ರಲ್ಲಿ ಎರಡು ಸುತ್ತಿನಲ್ಲಿ 32. ಕ್ಯಾಸಿನಿ ಬಣ್ಣದ ಎಲ್‌ಇಡಿಗಳನ್ನು ಬಳಸುತ್ತದೆ, ಅವು ಸುಮಾರು 700. ಪ್ಲಾಸಿಡೋ ಟೊಪೋಗ್ರಫಿ ಅಂದರೆ ಕಪ್ಪು ಬಿಳುಪು ಬಳೆಗಳ ಪ್ರತಿಬಿಂಬ. ಇವೆಲ್ಲಕ್ಕೂ ಕಣ್ಣೀರ ಪದರವೇ ಕನ್ನಡಿ. ಕನ್ನಡಿ ಒಡಕಾಗಿದ್ದರೆ ಅಳತೆಯೂ ಒಡಕೇ.

ಪೆಂಟಾಕ್ಯಾಮ್ ಹಾಗಲ್ಲ. ಅದರ ಕ್ಯಾಮೆರಾ ಸುತ್ತ ತಿರುಗುತ್ತಾ ಕಾರ್ನಿಯಾವನ್ನು ಹೋಳು ಹೋಳಾಗಿ ಚಿತ್ರ ತೆಗೆಯುತ್ತದೆ, ಹಿಂಬದಿಯೂ ಕಾಣುತ್ತದೆ. ಆದರೆ ತಿರುಗುವುದಕ್ಕೆ ಒಂದೆರಡು ಸೆಕೆಂಡ್ ಬೇಕು, ಅಷ್ಟರಲ್ಲಿ ಕಣ್ಣು ಅಲ್ಲಾಡಿದರೆ ಆಕ್ಸಿಸ್ ಮೇಲೆ ಪರಿಣಾಮ ಆಗುತ್ತದೆ. ಗೆಲಿಲೈನಲ್ಲಿ ಇಂಥ ಎರಡು ಕ್ಯಾಮೆರಾ ಮತ್ತು ಪ್ಲಾಸಿಡೋ ಎರಡೂ ಇವೆ. ಆಂಟೀರಿಯಾನ್ ಓಸಿಟಿಯಿಂದ (ಬೆಳಕು ಬಿಟ್ಟು ತೆಗೆಯುವ ಅಡ್ಡಕೊಯ್ತದ ಚಿತ್ರದಿಂದ) ಅಳೆಯುತ್ತದೆ. ಐಟ್ರೇಸ್ 256 ಕಿರಣಗಳನ್ನು ಒಂದೊಂದಾಗಿ ಕಣ್ಣಿನೊಳಗೆ ಬಿಟ್ಟು ಅವು ರೆಟಿನಾದಲ್ಲಿ ಎಲ್ಲಿ ಬೀಳುತ್ತವೆ ಅಂತ ನೋಡುತ್ತದೆ, ಜೊತೆಗೆ ಪ್ಲಾಸಿಡೋ ಕೂಡ ಇದೆ.

ಇಲ್ಲಿ ಒಂದು ಸಂಗತಿಯ ಮೇಲೆ ಸ್ವಲ್ಪ ನಿಲ್ಲಬೇಕು, ಕಾರ್ನಿಯಾದ ಹಿಂಬದಿ. ಮುಂಬದಿ ಮಾತ್ರ ನೋಡುವ ಮಷೀನ್ 1.3375 ಅನ್ನುವ ಸೂಚ್ಯಂಕ ಹಾಕಿ ಹಿಂಬದಿಯನ್ನು ಅಂದಾಜು ಮಾಡಿಬಿಡುತ್ತದೆ. ಆದರೆ ಹಿಂಬದಿಗೂ ತನ್ನದೇ ಸಿಲಿಂಡರ್ ಇದೆ, ಸರಾಸರಿ 0.3 ಡಯಾಪ್ಟರ್. ಹೆಚ್ಚಿನ ಕಣ್ಣುಗಳಲ್ಲಿ ಹಿಂಬದಿ ಕಡಿದಾಗಿರುವುದು ಮೇಲೆ ಕೆಳಗಿನ ದಿಕ್ಕಿನಲ್ಲಿ, ಅದೂ ಮೈನಸ್ ಪವರ್‌ನ ಮೇಲ್ಮೈ. ಹಾಗಾಗಿ ಸ್ಟೀಪ್ ಆಕ್ಸಿಸ್ 90ರ ಹತ್ತಿರ ಇರುವ ಕಣ್ಣಲ್ಲಿ ಮುಂಬದಿ ಮಾತ್ರ ನೋಡಿದವರು ಸಿಲಿಂಡರನ್ನು ಜಾಸ್ತಿ ಅಂದುಕೊಳ್ಳುತ್ತಾರೆ, 180ರ ಹತ್ತಿರ ಇದ್ದರೆ ಕಡಿಮೆ ಅಂದುಕೊಳ್ಳುತ್ತಾರೆ. ಈಗ ನಮ್ಮ ಕಣ್ಣನ್ನು ನೋಡಿ. 87 ಮತ್ತು 94, ಎರಡೂ 90ರ ಆಸುಪಾಸು. ಮೊದಲ ಮಷೀನ್ ಹಿಂಬದಿ ಸೇರಿಸಿ 1.50 ಹೇಳಿದ್ದು, ಎರಡನೆಯದು ಮುಂಬದಿ ಮಾತ್ರ ನೋಡಿ 1.70 ಹೇಳಿದ್ದು ಆಗಿದ್ದರೆ? ಆಗ ಆ 0.20 ಜಗಳವೇ ಅಲ್ಲ, ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ, ಬೇರೆ ಬೇರೆ ವಿಷಯ ಹೇಳಿದ್ದಾರೆ ಅಷ್ಟೇ.

ಹಾಗಾಗಿ ಚೀಟಿಯಲ್ಲಿ ಯಾವ ಕಾಲಂ ತೆಗೆದುಕೊಳ್ಳುತ್ತೀರಿ ಅಂತ ಮೊದಲೇ ಬರೆದಿಡಿ. ಪೆಂಟಾಕ್ಯಾಮ್‌ನ ಒಂದು ಪುಟದಲ್ಲೇ ಮೂರ್ನಾಲ್ಕು ತರಹದ ಕೆ ಸಿಗುತ್ತದೆ. ಸಿಮ್-ಕೆಯನ್ನು (ಮುಂಬದಿ ಮಾತ್ರ ನೋಡಿದ್ದು) ಸಿಮ್-ಕೆ ಜೊತೆ, ಟೋಟಲ್ ಕಾರ್ನಿಯಾವನ್ನು (ಹಿಂಬದಿ ಸೇರಿಸಿದ್ದು) ಟೋಟಲ್ ಕಾರ್ನಿಯಾ ಜೊತೆ ಹೋಲಿಸಿ. ಎಷ್ಟು ಮಿಲಿಮೀಟರ್ ವ್ಯಾಸದಲ್ಲಿ ಅಳೆದದ್ದು ಅಂತಲೂ ನೋಡಿಕೊಳ್ಳಿ.

ಹೆಜ್ಜೆ 3: ಕಣ್ಣನ್ನು ಸಿದ್ಧ ಮಾಡಿ

ಮಷೀನ್‌ಗಳ ವ್ಯತ್ಯಾಸ ಅಂತ ನಾವು ಅಂದುಕೊಳ್ಳುವುದರಲ್ಲಿ ಅರ್ಧ ಪಾಲು ಕಣ್ಣೀರಿನದು, ತಲೆ ವಾಲಿಸಿದ್ದರದು. ಇದು ನನ್ನ ಅಭಿಪ್ರಾಯ, ಅರ್ಧ ಅನ್ನುವುದನ್ನು ಲೆಕ್ಕ ಅಂತ ತೆಗೆದುಕೊಳ್ಳಬೇಡಿ. ಒಂದು ವಾರ ಎಲ್ಲ ರೋಗಿಗಳನ್ನು ನೀವೇ ಕೂರಿಸಿ ಅಳೆದರೆ ನಿಮಗೂ ಹಾಗೇ ಅನ್ನಿಸುತ್ತದೆ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಮೆತ್ತನೆಯದನ್ನು ಕನಿಷ್ಠ ಒಂದು ವಾರ, ಗಟ್ಟಿಯದನ್ನು ಕನಿಷ್ಠ ಮೂರು ವಾರ ಬಿಡಿಸಿ, ಆಮೇಲೂ ಎರಡು ಭೇಟಿಯ ರೀಡಿಂಗ್ ಹೊಂದುವವರೆಗೆ ಕಾಯಿರಿ. ಅಳತೆಗೆ ಮುಂಚೆ ಕಣ್ಣನ್ನು ಮುಟ್ಟುವ ಯಾವ ಪರೀಕ್ಷೆಯೂ ಬೇಡ: ಅಪ್ಲನೇಷನ್ ಟೊನೋಮೀಟರ್ (ಕಣ್ಣಿನ ಒತ್ತಡ ಅಳೆಯುವುದು) ಬೇಡ, ಮರಗಟ್ಟಿಸುವ ಡ್ರಾಪ್ಸ್ ಬೇಡ, ಫ್ಲೋರೆಸಿನ್ (ಕಣ್ಣಿಗೆ ಹಾಕುವ ಬಣ್ಣ) ಬೇಡ. ಕಣ್ಣು ಒಣಗಿದ್ದರೆ ಮೊದಲು ಚಿಕಿತ್ಸೆ, ಆಮೇಲೆ ಅಳತೆ. ರೋಗಿಗೆ ಎರಡು ಮೂರು ಸಲ ಪೂರ್ತಿ ಕಣ್ಣು ಮಿಟುಕಿಸಲು ಹೇಳಿ, ತಕ್ಷಣ ಒತ್ತಿ. ತುಂಬಾ ಹೊತ್ತು ಕಣ್ಣು ಬಿಡಿಸಿಟ್ಟು ಫೋಕಸ್ ಹುಡುಕುತ್ತಾ ಕೂತರೆ ಕಣ್ಣೀರು ಒಡೆಯುತ್ತದೆ.

ತಲೆ ವಿಷಯ. ಆಕ್ಸಿಸ್ ಅಂದರೆ ನೆಲಕ್ಕೆ ಹೋಲಿಸಿದ ಕೋನ. ರೋಗಿ ತಲೆ 5 ಡಿಗ್ರಿ ವಾಲಿಸಿದರೆ ಆಕ್ಸಿಸ್ ಕೂಡ ಹೆಚ್ಚುಕಡಿಮೆ ಅಷ್ಟೇ ಜಾರುತ್ತದೆ, ಮಷೀನ್‌ಗೆ ಅದು ಗೊತ್ತೂ ಆಗುವುದಿಲ್ಲ. ಎರಡೂ ಕಣ್ಣಿನ ಮೂಲೆಗಳು ಒಂದೇ ಮಟ್ಟದಲ್ಲಿವೆಯಾ ನೋಡಿ. ಹಣೆ ಪಟ್ಟಿಗೆ ತಾಗಿರಲಿ. ಮೇಜು ಎತ್ತರ ಜಾಸ್ತಿಯಾಗಿ ರೋಗಿ ಕತ್ತು ಚಾಚುತ್ತಿದ್ದರೆ ಮೇಜು ಇಳಿಸಿ. ವಯಸ್ಸಾದವರು ಬಗ್ಗಿದಾಗ ಒಂದು ಭುಜ ಮೇಲೆ ಹೋಗಿ ತಲೆ ವಾಲುವುದು ತೀರಾ ಸಾಮಾನ್ಯ, ಮುಂದೆ ನಿಂತವರಿಗೆ ಇದು ಕಾಣುತ್ತದೆ, ಸ್ಕ್ರೀನ್ ನೋಡುತ್ತಾ ಕೂತವರಿಗೆ ಕಾಣುವುದಿಲ್ಲ.

ಇನ್ನು, ಪೊರೆ ದಪ್ಪಗಿದ್ದವರಿಗೆ ಒಳಗಿನ ದೀಪ ಸರಿಯಾಗಿ ಕಾಣುವುದಿಲ್ಲ. "ದೀಪ ಕಾಣ್ತಾ ಇದೆಯಾ" ಅಂದರೆ ಎಲ್ಲರೂ ಹೌದು ಅಂತಾರೆ. "ಯಾವ ಬಣ್ಣ, ಎಲ್ಲಿದೆ" ಅಂತ ಕೇಳಿ. ಐಒಎಲ್‌ಮಾಸ್ಟರ್ 700 ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದಲ್ಲಿರುವ ಗುಳಿಯ ಚಿತ್ರ ತೋರಿಸುತ್ತದೆ, ರೋಗಿ ನೇರ ನೋಡಿದರಾ ಅಂತ ಅದರಿಂದ ತಿಳಿಯಬಹುದು.

ಹೆಜ್ಜೆ 4: ಮಷೀನನ್ನು ಮೊದಲು ಅದರ ಜೊತೆಗೇ ಹೋಲಿಸಿ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಒಂದೇ ಮಷೀನ್ ಒಂದೇ ಕಣ್ಣಿಗೆ ಮೂರು ಸಲ ಮೂರು ಆಕ್ಸಿಸ್ ಹೇಳುತ್ತಿದ್ದರೆ ಅದು ಇನ್ನೊಂದು ಮಷೀನ್ ಜೊತೆ ಹೊಂದುವುದು ಎಲ್ಲಿಂದ ಬಂತು?

ಪ್ರತಿ ಕಣ್ಣಿಗೆ ಮೂರು ಸಲ ಅಳೆಯಿರಿ. ಪ್ರತಿ ಸಲ ರೋಗಿ ತಲೆ ಹಿಂದೆ ತೆಗೆದು ಮತ್ತೆ ಗದ್ದ ಇಡಬೇಕು. ಸುಮ್ನೆ ಮೂರು ಸಲ ಬಟನ್ ಒತ್ತಿದರೆ ಮಷೀನ್ ತುಂಬಾ ಚೆನ್ನಾಗಿದೆ ಅನ್ನಿಸುತ್ತದೆ, ಯಾಕೆಂದರೆ ತಲೆ ವಾಲಿದ್ದ ತಪ್ಪು ಮೂರರಲ್ಲೂ ಒಂದೇ ತರಹ ಇರುತ್ತದೆ.

ಆಮೇಲೆ ಪ್ರತಿ ಕಣ್ಣಿನ ಮೂರು ರೀಡಿಂಗ್‌ಗಳ ವೇರಿಯನ್ಸ್ (ರೀಡಿಂಗ್‌ಗಳು ಎಷ್ಟು ಚದುರಿವೆ ಅನ್ನುವ ಅಳತೆ) ತೆಗೆದು, ಎಲ್ಲ ಕಣ್ಣುಗಳ ವೇರಿಯನ್ಸ್‌ಗೆ ಸರಾಸರಿ ಹಾಕಿ, ಅದರ ವರ್ಗಮೂಲ ತೆಗೆಯಿರಿ. ಅದನ್ನು 2.77ರಿಂದ ಗುಣಿಸಿ. ಅದೇ ಮಷೀನ್‌ನಲ್ಲಿ ಅದೇ ಕಣ್ಣನ್ನು ಎರಡು ಸಲ ಅಳೆದರೆ ನೂರರಲ್ಲಿ 95 ಸಲ ವ್ಯತ್ಯಾಸ ಇದಕ್ಕಿಂತ ಕಡಿಮೆ ಇರುತ್ತದೆ ಅಂತ ಅರ್ಥ. ಇದನ್ನು ಆಕ್ಸಿಸ್ ಡಿಗ್ರಿಗಳ ಮೇಲೆ ನೇರವಾಗಿ ಮಾಡಬೇಡಿ. ಯಾಕೆ ಅಂತ ಆರನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಹೆಜ್ಜೆ 5: ಕಣ್ಣುಗಳನ್ನು ಸೇರಿಸುವುದು

ಎಷ್ಟು ಕಣ್ಣು ಬೇಕು? 30 ಸಾಕು ಅಂತ ಬಾಯಿಂದ ಬಾಯಿಗೆ ಬಂದ ಮಾತಿದೆ. 30 ಕಣ್ಣು ಇಟ್ಟುಕೊಂಡರೆ ಕೊನೆಯಲ್ಲಿ ನೀವು ಹಾಕುವ ಮಿತಿಗೆರೆ (ಆರನೇ ಹೆಜ್ಜೆಯಲ್ಲಿ ಬರುತ್ತದೆ) ತಾನೇ ಆಚೆ ಈಚೆ ಸುಮಾರು 0.62 ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು (ವೇರಿಯನ್ಸ್‌ನ ವರ್ಗಮೂಲವೇ ಸ್ಟ್ಯಾಂಡರ್ಡ್ ಡೀವಿಯೇಷನ್) ಅನಿಶ್ಚಿತ. 100 ಕಣ್ಣಾದರೆ ಅದು 0.34ಕ್ಕೆ ಇಳಿಯುತ್ತದೆ. ಕ್ಲಿನಿಕ್ ಮಟ್ಟದ ತೀರ್ಮಾನಕ್ಕೆ 30 ನಡೆದೀತು, ಪೇಪರ್ ಬರೆಯುವುದಾದರೆ 100ಕ್ಕೆ ಹೋಗಿ.

ಒಬ್ಬರಿಂದ ಒಂದೇ ಕಣ್ಣು. ಒಬ್ಬರದೇ ಬಲ ಮತ್ತು ಎಡ ಕಣ್ಣು ಒಂದನ್ನೊಂದು ಹೋಲುತ್ತವೆ, ಎರಡನ್ನೂ ಸೇರಿಸಿದರೆ 50 ಜನರನ್ನು 100 ಅಂತ ತೋರಿಸಿದ ಹಾಗೆ. ಯಾವ ಮಷೀನ್ ಮೊದಲು ಅನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ, ಇಲ್ಲದಿದ್ದರೆ ಎರಡನೇ ಮಷೀನ್‌ಗೆ ಯಾವಾಗಲೂ ದಣಿದ, ಒಣಗಿದ ಕಣ್ಣೇ ಸಿಗುತ್ತದೆ. ಎರಡನೇ ಮಷೀನ್‌ನಲ್ಲಿ ಕೂತವರಿಗೆ ಮೊದಲ ಚೀಟಿ ತೋರಿಸಬೇಡಿ. ತೋರಿಸಿದರೆ ಹತ್ತಿರದ ರೀಡಿಂಗ್ ಬರುವವರೆಗೆ ಮತ್ತೆ ಮತ್ತೆ ಒತ್ತುತ್ತಾರೆ, ಮನುಷ್ಯರಲ್ವಾ. ಸಿಲಿಂಡರ್ ಕಡಿಮೆ ಇರುವ ಕಣ್ಣು, ಜಾಸ್ತಿ ಇರುವ ಕಣ್ಣು ಎರಡೂ ಇರಲಿ. ರೀಡಿಂಗ್ ಬರದೇ ಹೋದ ಕಣ್ಣುಗಳ ಲೆಕ್ಕವನ್ನೂ ಇಡಿ, ಮಷೀನ್ ಕೈಕೊಟ್ಟದ್ದೂ ಒಂದು ಫಲಿತಾಂಶವೇ.

ಹೆಜ್ಜೆ 6: ಲೆಕ್ಕ, ಮತ್ತು ಆಕ್ಸಿಸ್ ಒಡ್ಡುವ ಬಲೆ

ಒಂದು ಮಷೀನ್ 178 ಅಂದಿತು, ಇನ್ನೊಂದು 3 ಅಂದಿತು. ಕಳೆದರೆ 175 ಡಿಗ್ರಿ ವ್ಯತ್ಯಾಸ. ಸರಾಸರಿ 90.5. ಎರಡೂ ಶುದ್ಧ ತಪ್ಪು. 180 ದಾಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುವುದರಿಂದ ಇವುಗಳ ನಡುವೆ ಇರುವುದು ಬರೀ 5 ಡಿಗ್ರಿ, ನಡುವಿನ ಆಕ್ಸಿಸ್ ಅರ್ಧ ಡಿಗ್ರಿ. ನೋಡಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ನೂರು ಸಾಲಿನ ಶೀಟ್‌ನಲ್ಲಿ ಸರಾಸರಿಯ ಸೂತ್ರ ಎಳೆದಾಗ ಯಾರೂ ನೋಡುವುದಿಲ್ಲ.

ಇದಕ್ಕೆ ಪರಿಹಾರ, ಆಕ್ಸಿಸನ್ನು ಎರಡು ಪಟ್ಟು ಮಾಡುವುದು. ಸಿಲಿಂಡರನ್ನು ಎರಡು ಪಟ್ಟು ಮಾಡಿದ ಆಕ್ಸಿಸ್‌ನ ಕೊಸೈನ್‌ನಿಂದ ಗುಣಿಸಿದರೆ ಅಡ್ಡ ಅಂಶ ಸಿಗುತ್ತದೆ, ಸೈನ್‌ನಿಂದ ಗುಣಿಸಿದರೆ ಓರೆ ಅಂಶ. ಇನ್ನು ಮುಂದಿನ ಎಲ್ಲ ಕೂಡು ಕಳೆ ಈ ಎರಡು ಅಂಶಗಳ ಮೇಲೆಯೇ. ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವಾಗ ಒಂದು ಎಚ್ಚರಿಕೆ: ಅಲ್ಲಿನ ಕೊಸೈನ್‌ಗೆ ಡಿಗ್ರಿ ಅರ್ಥವಾಗುವುದಿಲ್ಲ, ರೇಡಿಯನ್ ಬೇಕು. ಡಿಗ್ರಿಯನ್ನು ಪೈನಿಂದ ಗುಣಿಸಿ 180ರಿಂದ ಭಾಗಿಸಿ ಕೊಡಿ. ಇದನ್ನು ಮರೆತು ಒಂದು ಇಡೀ ಭಾನುವಾರ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ನಮ್ಮ ಕಣ್ಣನ್ನೇ ಹಾಕಿ ನೋಡೋಣ. 1.50, 87 ಡಿಗ್ರಿ: ಎರಡು ಪಟ್ಟು 174. ಅಡ್ಡ ಅಂಶ ಮೈನಸ್ 1.49, ಓರೆ ಅಂಶ 0.16. ಇನ್ನೊಂದು 1.70, 94 ಡಿಗ್ರಿ: ಎರಡು ಪಟ್ಟು 188. ಅಡ್ಡ ಮೈನಸ್ 1.68, ಓರೆ ಮೈನಸ್ 0.24. ಅಡ್ಡದಲ್ಲಿ ವ್ಯತ್ಯಾಸ 0.19, ಓರೆಯಲ್ಲಿ ಸುಮಾರು 0.39. ಎರಡರ ವರ್ಗ ಕೂಡಿಸಿ ಮೂಲ ತೆಗೆದರೆ 0.44 ಡಯಾಪ್ಟರ್. ಸಿಲಿಂಡರ್ ಮಾತ್ರ ಕಳೆದಿದ್ದರೆ 0.20 ಅನ್ನಿಸುತ್ತಿತ್ತು. ನಿಜವಾದ ಜಗಳ ಅದರ ಎರಡು ಪಟ್ಟಿಗಿಂತ ಜಾಸ್ತಿ, ಮತ್ತು ಅದರ ಹೆಚ್ಚಿನ ಪಾಲು ಓರೆ ಅಂಶದಲ್ಲಿದೆ, ಅಂದರೆ ಕೋನದ್ದು.

ಎಡಗಣ್ಣಿನ ಆಕ್ಸಿಸನ್ನು 180ರಿಂದ ಕಳೆದು ಕನ್ನಡಿಯಂತೆ ತಿರುಗಿಸಿಕೊಳ್ಳುವುದು ಮೂಗಿನ ಕಡೆ, ಕಿವಿಯ ಕಡೆ ಅಂತ ಹೋಲಿಸುವಾಗ ಉಪಯೋಗಕ್ಕೆ ಬರುತ್ತದೆ. ಆದರೆ ಮಷೀನ್ ತಾನೇ ಓರೆಯಾಗಿ ಕೂತಿದೆಯಾ ಅಂತ ಹುಡುಕುವಾಗ ತಿರುಗಿಸಬೇಡಿ. ಮೇಜು ಓರೆಯಾಗಿದ್ದರೆ ಎರಡೂ ಕಣ್ಣು ಒಂದೇ ಕಡೆಗೆ ಜಾರಿರುತ್ತವೆ, ಕನ್ನಡಿ ಮಾಡಿದರೆ ಆ ಸುಳಿವು ಅಳಿಸಿಹೋಗುತ್ತದೆ.

ಈಗ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ಜನಪ್ರಿಯ ಮಾಡಿದ ವಿಧಾನ. ಪ್ರತಿ ಕಣ್ಣಿಗೂ ಎರಡು ಮಷೀನ್‌ಗಳ ಸರಾಸರಿಯನ್ನು ಅಡ್ಡಗೆರೆಯ ಮೇಲೆ, ವ್ಯತ್ಯಾಸವನ್ನು ನಿಲುವುಗೆರೆಯ ಮೇಲೆ ಇಟ್ಟು ಚುಕ್ಕೆ ಹಾಕಿ. ಅಡ್ಡ ಅಂಶಕ್ಕೊಂದು ಚಿತ್ರ, ಓರೆ ಅಂಶಕ್ಕೊಂದು. ವ್ಯತ್ಯಾಸಗಳ ಸರಾಸರಿ ತೆಗೆಯಿರಿ, ಅದರ ಆಚೆ ಈಚೆ 1.96 ಸ್ಟ್ಯಾಂಡರ್ಡ್ ಡೀವಿಯೇಷನ್ ದೂರದಲ್ಲಿ ಗೆರೆ ಎಳೆಯಿರಿ. ಉದಾಹರಣೆಗೆ ಸರಾಸರಿ ವ್ಯತ್ಯಾಸ 0.05, ಡೀವಿಯೇಷನ್ 0.22 ಬಂತು ಅಂದುಕೊಳ್ಳಿ. ಮಿತಿ ಮೈನಸ್ 0.38ರಿಂದ ಪ್ಲಸ್ 0.48. ಸರಾಸರಿ ನೋಡಿದರೆ ಅಣ್ಣತಮ್ಮಂದಿರ ಹಾಗೆ ಹೊಂದಿಕೊಂಡಿವೆ. ಮಿತಿ ನೋಡಿದರೆ, ಮುಂದೆ ಬರುವ ಒಬ್ಬ ರೋಗಿಯಲ್ಲಿ ಅರ್ಧ ಡಯಾಪ್ಟರ್ ಹತ್ತಿರ ವ್ಯತ್ಯಾಸ ಬರಬಹುದು. ಆಪರೇಷನ್ ಮಾಡುವುದು ಸರಾಸರಿಗಲ್ಲ, ಒಬ್ಬ ರೋಗಿಗೆ.

ಕೋರಿಲೇಷನ್ (ಎರಡೂ ಒಟ್ಟಿಗೆ ಏರಿ ಇಳಿಯುತ್ತವಾ ಅನ್ನುವ ಅಳತೆ, ಗರಿಷ್ಠ 1) 0.98 ಬಂತು, ಆದ್ದರಿಂದ ಎರಡೂ ಒಂದೇ ಅಂತ ಬರೆಯುವವರನ್ನು ಈಗಲೂ ನೋಡುತ್ತೇನೆ. ಒಂದು ಮಷೀನ್ ಯಾವಾಗಲೂ ಇನ್ನೊಂದಕ್ಕಿಂತ ಅರ್ಧ ಡಯಾಪ್ಟರ್ ಜಾಸ್ತಿ ಹೇಳಿದರೂ ಕೋರಿಲೇಷನ್ ಸೊಗಸಾಗಿಯೇ ಇರುತ್ತದೆ. ಅದೇ ರೀತಿ, ಟಿ-ಟೆಸ್ಟ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂದರೆ ಸರಾಸರಿ ಹತ್ತಿರ ಇದೆ ಅಂತಷ್ಟೇ.

ಹೆಜ್ಜೆ 7: ಡಿಗ್ರಿಯನ್ನು ಡಯಾಪ್ಟರ್ ಮಾಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. "ಎರಡು ಮಷೀನ್‌ಗಳ ಆಕ್ಸಿಸ್ ವ್ಯತ್ಯಾಸ ಸರಾಸರಿ ಇಷ್ಟು ಡಿಗ್ರಿ" ಅನ್ನುವ ವಾಕ್ಯಕ್ಕೆ ಒಂಟಿಯಾಗಿ ಅರ್ಥವೇ ಇಲ್ಲ.

ಟೋರಿಕ್ ಲೆನ್ಸ್ ತನ್ನ ಜಾಗದಿಂದ ತಿರುಗಿದಷ್ಟೂ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 3.3 ಪರಿಣಾಮ ಕಳೆದುಕೊಳ್ಳುತ್ತದೆ ಅನ್ನುವುದು ಎಲ್ಲರಿಗೂ ಬಾಯಿಪಾಠ. ಅದರ ಹಿಂದಿನ ಸೂತ್ರ ಸುಲಭ: ಉಳಿಯುವ ಸಿಲಿಂಡರ್ ಅಂದರೆ ಸಿಲಿಂಡರ್‌ನ ಎರಡು ಪಟ್ಟು, ಅದನ್ನು ತಪ್ಪಿದ ಕೋನದ ಸೈನ್‌ನಿಂದ ಗುಣಿಸಿದ್ದು. 5 ಡಿಗ್ರಿಗೆ ಶೇಕಡಾ 17, 10 ಡಿಗ್ರಿಗೆ 35, 30 ಡಿಗ್ರಿಗೆ ನೂರಕ್ಕೆ ನೂರು. 30 ದಾಟಿದರೆ ಲೆನ್ಸ್ ಹಾಕದೇ ಇದ್ದಿದ್ದೇ ವಾಸಿ ಅನ್ನುವ ಸ್ಥಿತಿ.

ಈಗ ಎರಡು ಕಣ್ಣು ನೋಡಿ. ಒಂದರಲ್ಲಿ ಸಿಲಿಂಡರ್ 0.60, ಮಷೀನ್‌ಗಳ ನಡುವೆ 12 ಡಿಗ್ರಿ ವ್ಯತ್ಯಾಸ. ಇನ್ನೊಂದರಲ್ಲಿ ಸಿಲಿಂಡರ್ 3.00, ವ್ಯತ್ಯಾಸ ಬರೀ 4 ಡಿಗ್ರಿ. ಯಾವುದರ ಬಗ್ಗೆ ಚಿಂತೆ ಮಾಡಬೇಕು? ಮೊದಲನೆಯದಕ್ಕೆ ಸೂತ್ರ ಹಾಕಿದರೆ 0.25 ಡಯಾಪ್ಟರ್. ಎರಡನೆಯದಕ್ಕೆ 0.42. ಡಿಗ್ರಿ ಮೂರರಲ್ಲಿ ಒಂದು ಪಾಲು, ನಷ್ಟ ಮಾತ್ರ ಜಾಸ್ತಿ. ಸಿಲಿಂಡರ್ ತೀರಾ ಚಿಕ್ಕದಾದರೆ ಕಾರ್ನಿಯಾ ಹೆಚ್ಚುಕಡಿಮೆ ಗುಂಡಗಿರುತ್ತದೆ, ಗುಂಡನೆಯದಕ್ಕೆ ಆಕ್ಸಿಸ್ ಎಲ್ಲಿಂದ ಬರಬೇಕು? ಅಲ್ಲಿ 20 ಡಿಗ್ರಿ ವ್ಯತ್ಯಾಸ ಬಂದರೂ ಮಷೀನನ್ನು ಬೈಯಬೇಡಿ.

ಎಷ್ಟು ವ್ಯತ್ಯಾಸ ಸಹಿಸಬಹುದು ಅಂತ ಲೆಕ್ಕ ಶುರು ಮಾಡುವ ಮುಂಚೆಯೇ ಬರೆದಿಡಿ, ಆಮೇಲೆ ಬರೆದರೆ ಬಂದ ಉತ್ತರಕ್ಕೆ ತಕ್ಕ ಹಾಗೆ ಬರೆಯುತ್ತೀರಿ. ಟೋರಿಕ್ ಲೆನ್ಸ್‌ಗಳು ಹೆಚ್ಚಾಗಿ 0.75 ಡಯಾಪ್ಟರ್ ಮೆಟ್ಟಿಲಿನಲ್ಲಿ ಬರುತ್ತವೆ, ಕಾರ್ನಿಯಾ ಮಟ್ಟಕ್ಕೆ ಇಳಿಸಿದರೆ ಅದು ಸುಮಾರು 0.50. ಅದರ ಅರ್ಧ, 0.25, ಒಂದು ಒಳ್ಳೆಯ ಮಿತಿ. ನಾನು ಇನ್ನೊಂದು ಕೆಲಸವನ್ನೂ ಮಾಡುತ್ತೇನೆ: ಪ್ರತಿ ಕಣ್ಣಿಗೂ ಎರಡೂ ಮಷೀನ್‌ನ ರೀಡಿಂಗನ್ನು ಒಂದೇ ಟೋರಿಕ್ ಕ್ಯಾಲ್ಕುಲೇಟರ್‌ಗೆ ಹಾಕಿ, ಎಷ್ಟು ಕಣ್ಣಲ್ಲಿ ಲೆನ್ಸ್ ಮಾಡೆಲ್ ಬದಲಾಯಿತು ಅಂತ ಎಣಿಸುತ್ತೇನೆ. ಸರ್ಜನ್‌ಗಳಿಗೆ ಮಿತಿಗೆರೆಗಿಂತ ಈ ಎಣಿಕೆ ಬೇಗ ಅರ್ಥವಾಗುತ್ತದೆ. ಹಿಂಬದಿಯನ್ನು ತಾನೇ ಅಂದಾಜಿಸುವ ಕ್ಯಾಲ್ಕುಲೇಟರ್‌ಗೆ ಹಿಂಬದಿ ಸೇರಿಸಿದ ಕೆ ಹಾಕಬೇಡಿ, ಒಂದೇ ತಿದ್ದುಪಡಿ ಎರಡು ಸಲ ಆಗಿಬಿಡುತ್ತದೆ.

ಹೆಜ್ಜೆ 8: ಗುರುತು ಹಾಕುವ ವಿಧಾನಗಳ ಹೋಲಿಕೆ

ಅಳತೆ ಎಷ್ಟೇ ಚೆನ್ನಾಗಿದ್ದರೂ ಟೇಬಲ್ ಮೇಲೆ ಮಲಗಿದ ಕಣ್ಣಿಗೆ ಅದನ್ನು ತಲುಪಿಸಬೇಕಲ್ಲ. ದಾರಿಗಳು ಹಲವು: ಸ್ಲಿಟ್ ಲ್ಯಾಂಪ್‌ನ ಬೆಳಕಿನ ಗೆರೆಯನ್ನು ಅಡ್ಡ ಮಾಡಿ ಶಾಯಿ ಗುರುತು, ನೀರುಗುಳ್ಳೆ ಇರುವ ಮಾರ್ಕರ್, ತೂಗು ಗುಂಡಿನ ಪೆಂಡ್ಯುಲಂ ಮಾರ್ಕರ್. ಇನ್ನು ಡಿಜಿಟಲ್ ಆದರೆ ವೆರಿಯಾನ್, ಕ್ಯಾಲಿಸ್ಟೋ ಮುಂತಾದವು. ಇವು ಕೂತಾಗ ತೆಗೆದ ಫೋಟೋದಲ್ಲಿ ಕಣ್ಣಿನ ಬಿಳಿಭಾಗದ, ಲಿಂಬಸ್‌ನ (ಬಿಳಿಭಾಗವೂ ಕಾರ್ನಿಯಾವೂ ಕೂಡುವ ಅಂಚಿನ) ರಕ್ತನಾಳಗಳ ನಕ್ಷೆ ಹಿಡಿದು ಮೈಕ್ರೋಸ್ಕೋಪ್‌ನ ಚಿತ್ರದ ಜೊತೆ ಹೊಂದಿಸುತ್ತವೆ.

ಶಾಯಿಯ ಬಗ್ಗೆ ಒಂದು ಲೆಕ್ಕ. ಕಾರ್ನಿಯಾದ ವ್ಯಾಸ ಸುಮಾರು 12 ಮಿ.ಮೀ. ಅದರ ಸುತ್ತಳತೆಯಲ್ಲಿ ಒಂದು ಡಿಗ್ರಿ ಅಂದರೆ 0.1 ಮಿ.ಮೀ. ಅಂದರೆ ಅರ್ಧ ಮಿ.ಮೀ. ಅಗಲದ ಗುರುತು ತಾನೇ 5 ಡಿಗ್ರಿ ನುಂಗಿಬಿಡುತ್ತದೆ! ಗುರುತಿನ ಯಾವ ಅಂಚನ್ನು ನೋಡಬೇಕು ಅಂತ ಗುರುತು ಹಾಕಿದವರೂ ಸರ್ಜನ್ನೂ ಮೊದಲೇ ಮಾತಾಡಿಕೊಳ್ಳದಿದ್ದರೆ ಉಳಿದದ್ದೆಲ್ಲ ಅದೃಷ್ಟ. ಲಿಂಬಸ್ ಜಾಗವನ್ನು ಹತ್ತಿ ಕಡ್ಡಿಯಿಂದ ಒಣಗಿಸಿಯೇ ಗುರುತು ಹಾಕಿ, ಇಲ್ಲದಿದ್ದರೆ ಶಾಯಿ ಹರಡುತ್ತದೆ. ರೋಗಿ ಕೂತಿರಬೇಕು, ದೂರ ನೇರ ನೋಡುತ್ತಿರಬೇಕು. ಶಾಯಿಯ ಮೂರು ಹಂತದ ವಿಧಾನವನ್ನು ಅಳೆದ, 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೂತಾಗ ಗುರುತು ಹಾಕುವಾಗ 2.4, ಆಕ್ಸಿಸ್ ಗುರುತಿಸುವಾಗ 3.3, ಲೆನ್ಸ್ ಹೊಂದಿಸುವಾಗ 2.6 ಡಿಗ್ರಿ ತಪ್ಪಿ, ಒಟ್ಟು ಸರಾಸರಿ 4.9 ಡಿಗ್ರಿ ಬಂದಿತ್ತು.

ಡಿಜಿಟಲ್‌ಗೂ ತನ್ನದೇ ಕಾಯಿಲೆಗಳಿವೆ. ರಕ್ತನಾಳ ಬಿಳಿಚಿಸುವ ಡ್ರಾಪ್ಸ್ ಹಾಕಿದ ಮೇಲೆ ಫೋಟೋ ತೆಗೆದರೆ ನಕ್ಷೆ ಮಂಕು. ಬ್ಲಾಕ್ (ಕಣ್ಣು ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟು ಕಂಜಂಕ್ಟೈವಾ (ಬಿಳಿಭಾಗದ ಮೇಲಿನ ತೆಳು ಪದರ) ಉಬ್ಬಿದರೆ, ರಕ್ತ ಕಟ್ಟಿದರೆ ಹೊಂದಿಕೆ ಸಿಗುವುದಿಲ್ಲ. ಫೋಟೋ ತೆಗೆಯುವಾಗ ತಲೆ ವಾಲಿದ್ದು ಮಾತ್ರ ದೊಡ್ಡ ವಿಷಯವಲ್ಲ, ಆದರೆ ಒಂದು ಷರತ್ತು: ಆಕ್ಸಿಸ್ ಕೂಡ ಅದೇ ಮಷೀನ್‌ನಲ್ಲಿ, ಅದೇ ಕೂರುವಿಕೆಯಲ್ಲಿ ಬಂದಿರಬೇಕು. ಆಗ ಫೋಟೋ ಮತ್ತು ಆಕ್ಸಿಸ್ ಎರಡೂ ಒಟ್ಟಿಗೆ ವಾಲಿರುತ್ತವೆ, ತಪ್ಪು ತಾನೇ ಕಳೆದುಹೋಗುತ್ತದೆ. ಒಂದು ಮಷೀನ್‌ನ ಆಕ್ಸಿಸನ್ನು ಇನ್ನೊಂದರ ಫೋಟೋ ಮೇಲೆ ಹಾಕಿದಿರೋ, ಆ ಅನುಕೂಲ ಹೋಯಿತು. ಡಿಜಿಟಲ್‌ನ ನಿಜವಾದ ಲಾಭ ಇದೇ ಅಂತ ನನಗೆ ಅನ್ನಿಸುತ್ತದೆ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ.

ಹೋಲಿಸುವುದಾದರೆ ಒಂದೇ ಕಣ್ಣಿಗೆ ಎರಡೂ ವಿಧಾನ ಮಾಡಿ, ಟೇಬಲ್ ಮೇಲೆ ಮೈಕ್ರೋಸ್ಕೋಪ್‌ನಿಂದ ಚಿತ್ರ ತೆಗೆದು, ಡಿಜಿಟಲ್ ಗೆರೆಗೂ ಶಾಯಿಯ ನಡುವಿಗೂ ಎಷ್ಟು ಡಿಗ್ರಿ ಅಂತ ಅಳೆಯಿರಿ. ಚಿಹ್ನೆಯನ್ನೂ ಬರೆಯಿರಿ, ಗಡಿಯಾರದ ದಿಕ್ಕು ಪ್ಲಸ್, ಎದುರು ದಿಕ್ಕು ಮೈನಸ್. ಎಲ್ಲವನ್ನೂ ಪ್ಲಸ್ ಅಂತ ಬರೆದರೆ ಒಂದೇ ಕಡೆಗೆ ಜಾರುವ ದೋಷ ಮರೆಯಾಗುತ್ತದೆ. ಲೆನ್ಸ್ ಎಲ್ಲಿ ಕೂತಿತು ಅನ್ನುವುದನ್ನು ಆಪರೇಷನ್ ಮುಗಿದ ಕ್ಷಣವೇ ಚಿತ್ರ ತೆಗೆದು ನೋಡಿ. ಲೆನ್ಸ್ ತಿರುಗುವುದಾದರೆ ಹೆಚ್ಚಾಗಿ ಮೊದಲ ಕೆಲವು ಗಂಟೆಗಳಲ್ಲೇ ತಿರುಗುತ್ತದೆ. ಮರುದಿನದ ಚಿತ್ರ ಇಟ್ಟುಕೊಂಡು ಗುರುತು ಹಾಕಿದವರನ್ನು ದೂರುವುದು ನ್ಯಾಯವಲ್ಲ.

ಹೆಜ್ಜೆ 9: ಕಪ್ಪಾ, ಆಲ್ಫಾ, ಕಾರ್ಡ್ ಮ್ಯೂ

ಇದನ್ನು ಬೇಗ ಮುಗಿಸುತ್ತೇನೆ. ಆಂಗಲ್ ಕಪ್ಪಾ ಅನ್ನುವುದು ಕೋನ. ಮಷೀನ್‌ಗಳು ಹೆಚ್ಚಾಗಿ ಕೊಡುವುದು ದೂರ, ಮಿಲಿಮೀಟರ್‌ನಲ್ಲಿ. ರೋಗಿ ದೀಪ ನೋಡುವಾಗ ಕಾರ್ನಿಯಾದ ಮೇಲೆ ಮಿಂಚುವ ಬಿಂದುವಿಗೂ ಪಾಪೆಯ ನಡುವಿಗೂ ಇರುವ ಆ ದೂರವೇ ಕಾರ್ಡ್ ಮ್ಯೂ. ಆಲ್ಫಾ ಅಂತ ಕ್ಲಿನಿಕ್‌ನಲ್ಲಿ ಹೇಳುವಾಗ ಪಾಪೆಯ ಬದಲು ಲಿಂಬಸ್‌ನ ನಡು. ಕಾರ್ಡ್ ಮ್ಯೂ 0.5, 0.6 ಮಿ.ಮೀ. ದಾಟಿದರೆ ಮಲ್ಟಿಫೋಕಲ್ ಬಗ್ಗೆ ಎರಡು ಸಲ ಯೋಚಿಸುವವರು ಬಹಳ ಜನ.

ಹೋಲಿಕೆಯಲ್ಲಿ ಇಲ್ಲಿನ ದೊಡ್ಡ ಕಳ್ಳ ಪಾಪೆ. ಅದು ಹಿಗ್ಗಿದಾಗ ಅದರ ನಡು ಕೂಡ ಜಾಗ ಬದಲಿಸುತ್ತದೆ. ಒಂದು ಮಷೀನ್‌ನಲ್ಲಿ ಕತ್ತಲೆ ಕೋಣೆ, ಇನ್ನೊಂದರಲ್ಲಿ ಟ್ಯೂಬ್‌ಲೈಟ್ ಆದರೆ ನೀವು ಅಳೆಯುತ್ತಿರುವುದು ಕೋಣೆಯ ಬೆಳಕನ್ನು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವ ಮುಂಚೆಯೇ, ಒಂದೇ ಬೆಳಕಲ್ಲಿ ಅಳೆದು, ಪಾಪೆಯ ವ್ಯಾಸವನ್ನೂ ಪಕ್ಕದಲ್ಲಿ ಬರೆಯಿರಿ. ಕಾರ್ನಿಯಾ ಒಂದು ಭೂತಗನ್ನಡಿ ಇದ್ದ ಹಾಗೆ, ಪಾಪೆಯನ್ನು ನಿಜಕ್ಕಿಂತ ಸುಮಾರು ಎಂಟರಲ್ಲಿ ಒಂದು ಪಾಲು ದೊಡ್ಡದಾಗಿ ತೋರಿಸುತ್ತದೆ. ಕಂಡ ಪಾಪೆಯಿಂದ ಲೆಕ್ಕ ಹಾಕುವ ಮಷೀನನ್ನು ನಿಜವಾದ ಪಾಪೆಯಿಂದ ಲೆಕ್ಕ ಹಾಕುವ ಮಷೀನ್ ಜೊತೆ ಇಟ್ಟರೆ ವ್ಯತ್ಯಾಸ ಬಂದೇ ಬರುತ್ತದೆ. ದಿಕ್ಕಿಗೆ ಮೂಗಿನ ಕಡೆ ಪ್ಲಸ್ ಅಂತ ಎರಡೂ ಕಣ್ಣಿಗೆ ಒಂದೇ ನಿಯಮ ಇಡಿ, ಮಷೀನ್‌ಗಳು ಎಡಗಣ್ಣಿಗೆ ಚಿಹ್ನೆ ಬದಲಿಸಿ ಕೊಡುತ್ತವೆ.

ಹೆಜ್ಜೆ 10: ನಾಳೆ ಆಪರೇಷನ್, ಚೀಟಿ ಎರಡು

ನಮ್ಮ ಕಣ್ಣಿಗೆ ಬರೋಣ. 1.50, 87 ಒಂದು ಕಡೆ, 1.70, 94 ಇನ್ನೊಂದು ಕಡೆ, ವ್ಯತ್ಯಾಸ 0.44 ಡಯಾಪ್ಟರ್, ನಾವು ಹಾಕಿಕೊಂಡ 0.25 ದಾಟಿದೆ. ಸಿಲಿಂಡರ್‌ನ 0.20ಕ್ಕೆ ಹಿಂಬದಿಯ ಕಾರಣ ಇದೆಯಾ ನೋಡಿ, ಎರಡರಲ್ಲೂ ಮುಂಬದಿಯ ಕಾಲಂ ತೆಗೆದು ಮತ್ತೆ ಹೋಲಿಸಿ. ಉಳಿಯುವುದು 7 ಡಿಗ್ರಿ. ಚಿತ್ರಗಳನ್ನು ತೆರೆದು ಬಳೆಗಳು, ಚುಕ್ಕೆಗಳು ಒಡೆದಿವೆಯಾ ನೋಡಿ, ಗುಣಮಟ್ಟದ ಎಚ್ಚರಿಕೆ ಬಂದಿದೆಯಾ ನೋಡಿ. ಕಣ್ಣೀರಿನ ಡ್ರಾಪ್ಸ್ ಹಾಕಿ ತಕ್ಷಣ ಅಳೆದರೆ ಆ ಡ್ರಾಪ್ಸೇ ಅಳತೆ ಕೆಡಿಸುತ್ತದೆ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ತಲೆ ನೇರ ಮಾಡಿ, ಎರಡರಲ್ಲೂ ಮತ್ತೆ ಮೂರು ಮೂರು ಸಲ ತೆಗೆಯಿರಿ. ಹೆಚ್ಚಿನ ಸಲ ಇಲ್ಲೇ ಒಂದು ಮಷೀನ್ ತನ್ನ ಮಾತನ್ನು ತಾನೇ ಬದಲಿಸುತ್ತದೆ, ಯಾವುದು ಅಲುಗಾಡುತ್ತಿತ್ತು ಅಂತ ಗೊತ್ತಾಗುತ್ತದೆ. ಎರಡೂ ತಮ್ಮ ತಮ್ಮ ಮಾತಿಗೇ ಗಟ್ಟಿಯಾಗಿ ನಿಂತರೆ ವೆಕ್ಟರ್ ಸರಾಸರಿ (ಅಡ್ಡ, ಓರೆ ಅಂಶಗಳಿಗೆ ಬೇರೆ ಬೇರೆಯಾಗಿ ಸರಾಸರಿ) ತೆಗೆಯಬಹುದು, ನಮ್ಮ ಕಣ್ಣಿಗೆ ಅದು 1.59, 91 ಡಿಗ್ರಿ. ಎರಡೂ ಮಷೀನ್ ಒಂದೇ ಕಾಲಂನಿಂದ ಹೇಳಿದ್ದಾದರೆ ಮಾತ್ರ ಇದು ಸರಿ. ಮಷೀನ್‌ಗಳು 0.50 ಡಯಾಪ್ಟರ್‌ಗಿಂತ ಜಾಸ್ತಿ ಜಗಳವಾಡುತ್ತಲೇ ಇದ್ದರೆ, ಅಥವಾ ನಕ್ಷೆ ಅಡ್ಡಾದಿಡ್ಡಿ ಇದ್ದರೆ ಕೆರಟೋಕೋನಸ್ (ಕಾರ್ನಿಯಾ ಶಂಕುವಿನಂತೆ ಉಬ್ಬುವ ಕಾಯಿಲೆ), ಹಳೆಯ ಗಾಯ, ಕಾರ್ನಿಯಾದ ಮೇಲೆ ಗಂಟು, ಇವುಗಳನ್ನು ಹುಡುಕಿ. ಅಂಥ ಕಣ್ಣಿಗೆ ದಿನಾಂಕ ಮುಂದೆ ಹಾಕುವುದೇ ಒಳ್ಳೆಯದು.

ತೀರ್ಮಾನ ಆದ ಮೇಲೆ ಥಿಯೇಟರ್‌ಗೆ ಹೋಗುವ ಹಾಳೆಯಲ್ಲಿ ಒಂದೇ ಆಕ್ಸಿಸ್ ಇರಲಿ. ಪಕ್ಕದಲ್ಲಿ ಯಾವ ಮಷೀನ್‌ನದು, ಯಾವ ದಿನದ್ದು, ಕಾರ್ನಿಯಾದ ಸ್ಟೀಪ್ ಆಕ್ಸಿಸಾ ಅಥವಾ ಕ್ಯಾಲ್ಕುಲೇಟರ್ ಹೇಳಿದ ಲೆನ್ಸ್ ಕೂರಿಸುವ ಆಕ್ಸಿಸಾ ಅಂತ ಬರೆಯಿರಿ, ಯಾವ ಕಣ್ಣು ಅಂತ ಪೂರ್ತಿ ಅಕ್ಷರದಲ್ಲಿ ಬರೆಯಿರಿ. ಎರಡನೇ ಚೀಟಿಯನ್ನು ಫೈಲ್‌ನ ಹಿಂದಕ್ಕೆ ಪಿನ್ ಮಾಡಿ, ಹಾಳೆಯ ಜೊತೆ ಒಳಗೆ ಕಳಿಸಬೇಡಿ.